ಕೊನೆಯ ನೂರ ಹದಿನೇಳು ಬಿಲ್ಲೆ

ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು. ಊರಿನವರು ತಲೆಗೊಂದರಂತೆ ಹೆಬ್ಬೆರಳು ಒತ್ತಿಕೊಟ್ಟ ಮಣ್ಣಿನ ಬಿಲ್ಲೆಗಳು ಗೂಡಿನಲ್ಲಿ ಸುಟ್ಟು ಬಂದಿದ್ದವು. ಹೊಸ ರೈಲು ನಿಲ್ದಾಣದ ಗೋಡೆಗೆ ಅವನ್ನೆಲ್ಲ ಒಂದೂ ಬಿಡದೆ, ಒಂದೂ ಒಡೆಯದೆ, ಪ್ರತಿ ಸಾಲಿಗೂ ಒಂದೇ ಲೆಕ್ಕ ಬರುವಂತೆ ಕೂರಿಸಬೇಕು.

"ಆಗಲ್ಲ," ಎಂದ ಎಂಜಿನಿಯರು. "ಇದು ಅವಿಭಾಜ್ಯ ಸಂಖ್ಯೆ. ಎರಡರಿಂದ ನೂರರವರೆಗೆ ಎಲ್ಲದರಿಂದಲೂ ಭಾಗಿಸಿ ನೋಡಿದೀನಿ. ಕೊನೆಯ ನೂರ ಹದಿನೇಳು ಬಿಟ್ಟುಬಿಡಿ. ಸಾಲಿಗೆ ಸಾವಿರ, ಸಾವಿರದ ಇಪ್ಪತ್ತೆರಡು ಸಾಲು. ಮುಗೀತು."

ಕೊನೆಯ ನೂರ ಹದಿನೇಳು ಅಂದರೆ ಯಾರದ್ದು? ಹಳಿಯಾಚೆಯ ಓಣಿಯವರದ್ದು. ಉಳಿದ ಬಡಾವಣೆಗಳೆಲ್ಲ ಮುಗಿದ ಮೇಲೆ, ಬಿಲ್ಲೆ ಒತ್ತಿಸಿಕೊಳ್ಳುವವರು ಮಿಕ್ಕ ಮಣ್ಣು ಹಿಡಿದು ಅಲ್ಲಿಗೆ ಬಂದಿದ್ದರು. ಆ ಓಣಿಯ ಪೆಟ್ಟಿಗೆಯಲ್ಲಿದ್ದ ಒಂದು ಬಿಲ್ಲೆ ಮೊಂಡನ ಅಮ್ಮನದು. ಹಳೇ ನಿಲ್ದಾಣದ ನೆಲ ಒರೆಸಿ ಒರೆಸಿ ಅವಳ ಹೆಬ್ಬೆರಳ ಗೆರೆಗಳೇ ಸವೆದಿದ್ದವು; ಮಣ್ಣಲ್ಲಿ ಮೂಡಿದ್ದು ಬರೀ ಒಂದು ಗುಳಿ. "ಗುಳಿಯಾದ್ರೂ ನಂದೇ ಕಣೋ. ಗೋಡೆ ಮೇಲೆ ನೋಡ್ಬೇಕು," ಅಂದಿದ್ದಳು.

ಆ ಗೋಡೆಗೆ ಬಿಲ್ಲೆ ಕೂರಿಸುವವನೇ ಮೊಂಡ. ಅವನಿಗೆ ಮೈಯೆಲ್ಲ ಉರಿಯಿತು. "ನೂರಕ್ಕೇ ಯಾಕೆ ನಿಂತ್ರಿ ಸಾರ್? ಅದರಾಚೆ ಸಂಖ್ಯೆ ಇಲ್ವಾ?"

"ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು, ನನಗೆ ಲೆಕ್ಕ ಹೇಳ್ತೀಯಾ?"

"ಸುಮ್ಮನಿರೋ ಮೊಂಡ," ಎಂದ ಮೇಸ್ತ್ರಿ. "ಬಂಡೆಗೆ ತಲೆ ಚಚ್ಚಿಕೊಂಡ್ರೆ ಬಂಡೆಗೇನೂ ಆಗಲ್ಲ."

"ನನ್ನ ತಲೆ ನೀವಿನ್ನೂ ನೋಡಿಲ್ಲ."

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದರೆ ಅವನು ಸೀಮೆಸುಣ್ಣ ಹಿಡಿದು ನೆಲಕ್ಕೆ ಕೂತ. ಭಾಗಾಕಾರ ಅವನಿಗೆ ಅಷ್ಟಕ್ಕಷ್ಟೆ. ಚೌಕ ಮಾತ್ರ ಕೈಯಳತೆಯ ಸಂಗತಿ. ಸಾವಿರಕ್ಕೆ ಸಾವಿರದ ಚೌಕ ಹಾಕಿದ: ಹತ್ತು ಲಕ್ಷ ಹೋಯಿತು. ಪಕ್ಕಕ್ಕೆ ಹನ್ನೊಂದು ಕಂಬಸಾಲು, ಕೆಳಗೆ ಹನ್ನೊಂದು ಅಡ್ಡಸಾಲು, ಮೂಲೆಗೆ ಹನ್ನೊಂದರ ಪುಟ್ಟ ಚೌಕ: ಇಪ್ಪತ್ತೆರಡು ಸಾವಿರದ ನೂರ ಇಪ್ಪತ್ತೊಂದು. ಇರುವುದು ಇಪ್ಪತ್ತೆರಡು ಸಾವಿರದ ನೂರ ಹದಿನೇಳು. ಥೂ, ನಾಲ್ಕೇ ನಾಲ್ಕು ಕಡಿಮೆ!

ನಾಲ್ಕು ಅಂದರೆ ಮೂಲೆಯಲ್ಲಿ ಎರಡಕ್ಕೆರಡರ ತೂತು. ಆ ತೂತನ್ನು ಎಷ್ಟು ಅಡುಗೆಮನೆಗಳ ನೆಲದಲ್ಲಿ ಕಂಡಿದ್ದನೋ! ಕಂಡಾಗೆಲ್ಲ ಏನು ಮಾಡುತ್ತಿದ್ದನೆಂಬುದು ಕೈಗೇ ನೆನಪಾಯಿತು.

ಎಂಜಿನಿಯರ ಕಾಲ ಬಳಿ ನಲವತ್ತೈದು ಬಿಲ್ಲೆ ಜೋಡಿಸಿದ. "ಏಳರ ಚೌಕ, ಮೂಲೆಯಲ್ಲಿ ನಾಲ್ಕಿಲ್ಲ. ನೋಡಿ." ತೂತಿನ ಮೇಲೆ ನಿಂತಿದ್ದ ಎರಡು ಕಂಬಸಾಲು ಎತ್ತಿದ. ಒಂದೊಂದರಲ್ಲಿ ಐದು. ಅವನ್ನು ಕೆಳಗೆ ಅಡ್ಡಡ್ಡ ಮಲಗಿಸಿದ. ಐದಕ್ಕೆ ಒಂಬತ್ತು, ತೂತು ಮಾಯ.

"ದೊಡ್ಡದೂ ಇದೇ ಜಾತಿ ಸಾರ್. ಸಾವಿರದ ಹನ್ನೊಂದರ ಚೌಕ, ನಾಲ್ಕು ಕಡಿಮೆ. ಎರಡು ಕಂಬ ಎತ್ತಿ ಮಲಗಿಸಿದ್ರೆ ಸಾಲಿಗೆ ಸಾವಿರದ ಒಂಬತ್ತು, ಸಾಲು ಸಾವಿರದ ಹದಿಮೂರು. ಗುಣಿಸಿ."

ಎಂಜಿನಿಯರು ಗುಣಿಸಿದ. ಕನ್ನಡಕ ಒರೆಸಿಕೊಂಡು ಮತ್ತೆ ಗುಣಿಸಿದ. "ಸರಿಯಾಗಿದೆ," ಎಂದ ಕೊನೆಗೆ, ಗಂಟಲಲ್ಲೇ. "ಆದರೆ ಗೋಡೆಗೆ ಆಗಲೇ ಗೆರೆ ಹೊಡೆದಾಗಿದೆ. ಅಳಿಸಿ ಮತ್ತೆ ಹೊಡೆಯೋದಂದ್ರೆ ನಾಲ್ಕು ದಿನದ ಕೆಲಸ."

"ಯಾರ ಕೆಲಸ? ನಂದೇ ತಾನೆ?"

ಮೊಂಡ ಒದ್ದೆ ಬಟ್ಟೆ ಹಿಡಿದು ಏಣಿ ಹತ್ತಿದ. ಸಂಜೆಯೊಳಗೆ ಅಷ್ಟೂ ಗೆರೆ ಒರೆಸಿ ಹಾಕಿದ.

"ಹುಚ್ಚು ಮುಂಡೇದೆ," ಎನ್ನುತ್ತ ಮೇಸ್ತ್ರಿ ಗೆರೆ ಹೊಡೆಯುವ ದಾರದ ಇನ್ನೊಂದು ತುದಿ ಹಿಡಿದ. "ಹಳಿಯಾಚೆ ಪೆಟ್ಟಿಗೆ ಎಲ್ಲಿಗೆ ಬರುತ್ತೋ?"

"ಕೆಳಗಿನ ಸಾಲಿಗೆ. ನೆಲ ಒರೆಸೋರ ಕಣ್ಣಿಗೆ ನೇರ."