ಮೂರು ಸಲ ಬ್ಯಾಡ

ಸಂಜೆ ಆರೂವರೆಗೆ ಸ್ಕೂಟರಿನ ಸಪ್ಪಳ ಕಲ್ಲೋಳಿಯ ನಮ್ಮ ಓಣಿಗೆ ತಿರುಗಿತೆಂದರೆ ನಾನು ಒಲೆಯ ಮೇಲೆ ಎಣ್ಣೆಯ ಕಡಾಯಿ ಇಡುತ್ತಿದ್ದೆ. ಸ್ಕೂಟರು ನನ್ನ ತಮ್ಮ ಶ್ರೀಶೈಲನದು. ಮೂಡಲಗಿಯಲ್ಲಿ ಅವನದೊಂದು ಅಂಗಡಿ. ಸುಟ್ಟುಹೋದ ಬೋರಿನ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಾನೆ. ಅಂಗಡಿಯಿಂದ ಅವನ ಮನೆಗೆ ಹತ್ತು ನಿಮಿಷದ ಹಾದಿ. ಆದರೆ ಆ ಹಾದಿಯ ನಡುವೆ ಸೆರೆ ಅಂಗಡಿ ಇತ್ತು. ಹದಿನಾರು ವರ್ಷ ಸಂಜೆ ಆರೂವರೆಯಿಂದ ಎಂಟೂವರೆಯ ತನಕ ಅವನು ಅಲ್ಲಿ ಕೂತು ಕುಡಿದವನು. ಈಗ ಬಿಟ್ಟು ಐದು ತಿಂಗಳಾಗಿತ್ತು. ಆ ಎರಡು ತಾಸು ದಾಟಿದರೆ ಒಂದು ದಿನ ದಾಟಿದಂತೆ ಎಂದು ಕುಡಿತ ಬಿಡಿಸಿದ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ದಾಟಿಸುವ ಕೆಲಸವನ್ನು ನಾನು ನನ್ನ ಅಡುಗೆಮನೆಗೆ ವಹಿಸಿದ್ದೆ.

ಆಸ್ಪತ್ರೆಯಿಂದ ಬಂದಾಗ ಅವನ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಮೊದಲ ವಾರ ಬಂದವನೇ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದ. ಸೆರೆ ಬಿಟ್ಟವರಿಗೆ ಸಿಹಿಯ ಆಸೆ ಹತ್ತುತ್ತದೆಯಂತೆ. ನನಗೆ ಅಷ್ಟು ಕೇಳಿದರೆ ಸಾಕಾಗಿತ್ತು. ಬಂದ ಕೂಡಲೇ ಮಿರ್ಚಿ ಬಜಿ. ಆಮೇಲೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ಅದಾದ ಮೇಲೆ ಸಿಹಿಗೆ ಒಂದು ದಿನ ಮಾದಲಿ, ಒಂದು ದಿನ ಶೇಂಗಾ ಹೋಳಿಗೆ, ಸೋಮವಾರ ತಪ್ಪದೆ ಗೋದಿ ಹುಗ್ಗಿ.

"ನಿನ್ನ ತಮ್ಮ ಸೆರಿ ಬಿಟ್ಟ ಪುಣ್ಯಾ ಎಲ್ಲಾ ನನ್ನ ಹೊಟ್ಟಿಗಿ ಬರಾಕತ್ತೈತಿ ನೋಡು," ಎಂದು ನಮ್ಮವರು ಹೊಟ್ಟೆ ಸವರಿಕೊಂಡು ನಗುತ್ತಿದ್ದರು.

"ಮಾಮಾ, ನಿಮ್ಮದು ಪುಣ್ಯಾ. ನಂದು ಪ್ರಾಯಶ್ಚಿತ್ತ," ಎಂದು ಶ್ರೀಶೈಲ ಇನ್ನೊಂದು ಬಜಿ ಮುರಿಯುತ್ತಿದ್ದ.

ನಾನು ಸೌಟು ಹಿಡಿದು ನಿಂತೇ ಇರುತ್ತಿದ್ದೆ. ನಿಂತಾಗಲೆಲ್ಲ ನನಗೆ ಹುಕ್ಕೇರಿಯ ನಮ್ಮ ತವರುಮನೆಯ ನೆನಪು. ಅಲ್ಲಿ ದೀಪ ಹಚ್ಚಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ನಾವು ಅಕ್ಕ ತಮ್ಮ ಸಾಲಾಗಿ ಕೂಡುತ್ತಿದ್ದೆವು. ಅನ್ನವೆಂದರೆ ಪ್ರಸಾದ, ತಾಟಿನಲ್ಲಿ ಒಂದು ಅಗುಳೂ ಬಿಡುವಂತಿರಲಿಲ್ಲ, ಕೊನೆಗೆ ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ಅವ್ವ ನೀಡಲು ನಿಂತಳೆಂದರೆ ಊರಿಗೇ ಹೆಸರು. ಬಂದವರು ಒಮ್ಮೆ "ಬ್ಯಾಡ" ಎಂದರೆ ಅವಳ ಕಿವಿಗೆ ಬೀಳುತ್ತಿರಲಿಲ್ಲ.

"ಮೊದಲನೇ ಬ್ಯಾಡ ಮರ್ಯಾದಿದು. ಎರಡನೇದು ನಾಚಿಕಿದು. ಮೂರನೇದು ಹೊಟ್ಟಿದು. ಹೊಟ್ಟಿ ಮಾತಾಡೂತನಕ ಸೌಟ ಇಳಸಬಾರದು," ಎನ್ನುತ್ತಿದ್ದಳು.

ಅದು ಬರೀ ಮಾತಾಗಿರಲಿಲ್ಲ. ನಮ್ಮ ಕಡೆ ಪಂಕ್ತಿಯಲ್ಲಿ ನೀಡುವವರೆಲ್ಲ ಹೀಗೆಯೇ. ಮೊದಲ ಮಾತಿಗೇ ಸೌಟು ಹಿಂದೆ ತೆಗೆದರೆ ಉಣ್ಣುವವರಿಗೆ ಅವಮಾನ, ನೀಡುವವರಿಗೆ ಜಿಪುಣತನದ ಹೆಸರು. ನಾನು ಮೂವತ್ತು ವರ್ಷ ಸಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿದೆ. ಮನೆಯಲ್ಲಿ ಮಾತ್ರ ಮೂರರವರೆಗೆ ಎಣಿಸಿದ್ದಷ್ಟೇ. ಶ್ರೀಶೈಲ ಮೂರನೆಯದನ್ನು ಎಂದೂ ಹೇಳುತ್ತಿರಲಿಲ್ಲ. ಹೇಳದಿದ್ದರೆ ನನಗೆ ಹಿಗ್ಗು.

ಐದನೇ ತಿಂಗಳು ಘಟಪ್ರಭಾದ ಡಾಕ್ಟರ ಕಡೆ ಹೋಗಿ ಬಂದವನು ಅಂದು ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ನಿಂತ.

"ಅಕ್ಕಾ, ಹತ್ತೊಂಬತ್ತು ಕಿಲೋ ಏರೇನಿ."

"ಏರ್ಲಿ ಬಿಡೋ. ಮೊದಲ ಏನಿದ್ದಿ ನೀ? ಗಾಳಿ ಬಿಟ್ರ ಹಾರತಿದ್ದಿ."

"ಹಂಗಲ್ಲ. ಸೆರಿ ಬಿಟ್ಟು ಉಳಿಸ್ಕೊಂಡ ಲಿವರ್‌ನ್ಯಾಗ ಈಗ ಕೊಬ್ಬು ಕುಂತೈತಂತ. ಸಕ್ರಿ ರೋಗ ಬಾಗಲದಾಗ ನಿಂತೈತಂತ. ಡಾಕ್ಟರ್ ಬೈಲಿಲ್ಲ. ಒಮ್ಮೆಲೇ ಎಲ್ಲಾ ಬಿಡಬ್ಯಾಡ, ಮೊದಲ ಸೆರಿ ಬಿಟ್ಟದ್ದನ್ನ ಕಾಯ್ಕೊ, ಆದ್ರ ಊಟ ಹಗೂರಕ ಇಳಸು ಅಂದ್ರು. ಹೊತ್ತಿಗೆ ಸರಿ ಉಣ್ಣು, ನಡಿ, ಸಿಹಿ ಕಡಿಮಿ ಮಾಡು ಅಂದ್ರು."

"ಮಾಡೂಣು," ಎಂದೆ. ಬಾಯಿ ಹೇಳಿತು. ಎದೆಯೊಳಗೆ ಮಾತ್ರ ಹೆದರಿಕೆ ಕೂತಿತು. ತಿನ್ನುವುದನ್ನು ಕಿತ್ತುಕೊಂಡರೆ ಆ ಎರಡು ತಾಸು ಇವನು ಏನನ್ನು ಹಿಡಿದುಕೊಂಡು ದಾಟಬೇಕು? ಕೊಬ್ಬಿನಿಂದ ಸಾಯುವುದು ಹತ್ತು ವರ್ಷದ ಮಾತು, ಸೆರೆ ನಾಳಿನ ಮಾತು. ಹೀಗೆ ಲೆಕ್ಕ ಹಾಕಿ ನಾನು ಅಂದು ಎರಡೇ ರೊಟ್ಟಿ ಬಡಿದೆ, ಬಜಿ ಕರಿಯಲಿಲ್ಲ. ಆದರೆ ಸೋಮವಾರವಾದ್ದರಿಂದ ಹುಗ್ಗಿ ಮಾಡಿದ್ದೆ.

"ಬ್ಯಾಡ ಅಕ್ಕಾ," ಎಂದ.

"ಒಂದ ಸೌಟೋ. ಪ್ರಸಾದ."

"ಬ್ಯಾಡ ಅಂದ್ನೆಲ್ಲಾ."

ನಾನು ಕಾಯುತ್ತ ನಿಂತೆ. ಸೌಟಿನ ತುದಿಯಿಂದ ತುಪ್ಪ ಒಂದು ಹನಿ ತಾಟಿಗೆ ಬಿತ್ತು. ಅವನು ನನ್ನ ಮುಖ ನೋಡಿದ, ಹುಗ್ಗಿ ನೋಡಿದ. ಮೂರನೆಯ ಮಾತು ಬರಲಿಲ್ಲ. ನೀಡಿದೆ. ಉಂಡ. ಇನ್ನೊಂದು ಸೌಟು ನೀಡಿದೆ, ಅದನ್ನೂ ಉಂಡು ತಾಟು ತೊಳೆದು ಕುಡಿದು ಎದ್ದುಹೋದ. ಅಂದು ಮಲಗುವಾಗ ನನಗೆ ಅವ್ವನ ಹಾಗೆಯೇ ನೀಡಿದೆನೆಂಬ ಸಮಾಧಾನವಿತ್ತು. ಗುರುವೇ, ಎಂಥ ಸಮಾಧಾನ ಅದು.

ಮರುದಿನ ಮಧ್ಯಾಹ್ನ ಅವನ ಹೆಂಡತಿ ದಾನೇಶ್ವರಿಯ ಫೋನು ಬಂತು.

"ಅಕ್ಕಾರ, ಮುಂಜಾನೆ ಸ್ಕೂಟರ್ ಡಿಕ್ಕಿ ತಗದು ನೋಡಿದ್ನಿ. ಮೊದಲ ಬಾಟ್ಲಿ ಇಡತಿದ್ರಲ್ರಿ, ಅದ ಮೂಲ್ಯಾಗ, ಅದ ಹಳೇ ಟಾವೆಲ್‌ದಾಗ ಸುತ್ತಿ..."

"ಏನೈತವ್ವಾ?"

"ಕರದಂಟ್ರಿ. ಗೋಕಾಕದಿಂದ ತಂದಾರ. ಅರ್ಧಾ ಕಿಲೋದ ಡಬ್ಬಿ ಎರಡು. ಒಂದು ಖಾಲಿ."

"ಅಯ್ಯ, ಅಂಜಿಸಿ ಬಿಟ್ಟೆಲ್ಲ! ಕರದಂಟಲ್ಲೇನ?"

"ತಿಂದದ್ದಕ್ಕ ಅಲ್ರಿ ಅಕ್ಕಾರ," ಎಂದಳು ದಾನೇಶ್ವರಿ. "ಮುಚ್ಚಿಡೂದು ಚಾಲೂ ಆತಂದ್ರ, ಇವತ್ತ ಇದು. ನಾಳೆ ಅದ ಟಾವೆಲ್‌ದಾಗ ಏನಿರತೈತಿ ಯಾರಿಗೆ ಗೊತ್ರಿ?"

ಅಂದು ಸಂಜೆ ಆರೂವರೆಯಾಯಿತು, ಸ್ಕೂಟರಿನ ಸಪ್ಪಳವಿಲ್ಲ. ಏಳಾಯಿತು. ಅವನು ಫೋನು ಎತ್ತಲಿಲ್ಲ. ಅಂಗಡಿಯ ಬಾಜೂ ಟೇಲರ ಕರೆಪ್ಪನಿಗೆ ಫೋನು ಮಾಡಿ ಕೇಳಿದರೆ, "ಆರಕ್ಕ ಹೋದಾರ್ರಿ, ದಿನಾ ಹೋದಂಗ," ಎಂದ. ನಮ್ಮವರು ಬೈಕ್ ಹೊರಗೆ ತೆಗೆದರು. ನಾನು ಹಿಂದೆ ಕೂತೆ. ಹಾದಿಯುದ್ದಕ್ಕೂ ಎರಡೂ ಕಡೆ ಕಬ್ಬು, ಅದರ ಮೇಲೆ ಇಳಿಯುತ್ತಿರುವ ಬೆಳಕು. ಕಣ್ಣು ಮುಚ್ಚಿ ದೇವರ ಹೆಸರು ಹೇಳೋಣವೆಂದರೆ, ಮುಚ್ಚಿದ ಕಣ್ಣಲ್ಲಿ ಸೆರೆ ಅಂಗಡಿಯ ಬಾಗಿಲೇ ಬರುತ್ತಿತ್ತು.

ಅಲ್ಲಿಯ ತನಕ ಹೋಗಬೇಕಾಗಲಿಲ್ಲ. ಅರ್ಧ ದಾರಿಯ ಕಾಲುವೆ ಸೇತುವೆಯ ಮೇಲೆ ಸ್ಕೂಟರು ನಿಂತಿತ್ತು. ಕಟ್ಟೆಯ ಮೇಲೆ ಶ್ರೀಶೈಲ ಕೂತಿದ್ದ. ನಾನು ಇಳಿದು ಓಡಿದೆ. ಹತ್ತಿರ ಹೋದಾಗ ಮೊದಲು ಮಾಡಿದ ಕೆಲಸ ಅವನ ಬಾಯಿಯ ವಾಸನೆ ನೋಡಿದ್ದು.

"ಮೂಸಿ ನೋಡಾಕತ್ತೀಯೇನ? ನೋಡು," ಎಂದು ಬಾಯಿ ತೆರೆದ. ಏಲಕ್ಕಿ ಮತ್ತು ಬೆಲ್ಲದ ವಾಸನೆ.

"ಇಲ್ಲ್ಯಾಕ ಕುಂತೀಯೋ? ಮನಿಗಿ ಬರಬಾರದಾ?"

"ನಿನ್ನ ಮನಿಗಿ ಬರಾಕ ಅಂಜಿಕಿ ಬಂತಕ್ಕಾ."

ನಮ್ಮವರು ಸ್ವಲ್ಪ ದೂರ ಹೋಗಿ ನೀರು ನೋಡುತ್ತ ನಿಂತರು.

"ಆ ಕಡಿ ಹೋದ್ರ ಸೆರಿ. ಈ ಕಡಿ ಬಂದ್ರ ನಿನ್ನ ಸೌಟು," ಎಂದು ಅವನು ನಕ್ಕ, ನಗು ಪೂರ್ತಿ ಬರಲಿಲ್ಲ. "ಎರಡೂ ಕಡಿ ಒಂದ ಮಾತು. ಇನ್ನೊಂದೀಟ, ಇನ್ನೊಂದೀಟ. ಅದಕ್ಕ ನಡುವ ಕುಂತೇನಿ."

"ನನ್ನ ಹುಗ್ಗಿಗೂ ಸೆರಿಗೂ ಸರಿ ಮಾಡತೀಯೇನೋ?" ನನಗೆ ಸಿಟ್ಟು ಬಂತು. "ಅವ್ವನ ಕೈ ಅದು."

"ಅವ್ವನ ಮಾತ ಅಲ್ಲೂ ಇತ್ತಕ್ಕಾ." ಅವನು ನೀರಿನ ಕಡೆ ತಿರುಗಿದ. "ಕುಡ್ಯಾಕ ಚಾಲೂ ಮಾಡಿದ ಹೊಸದರಾಗ, ಗೆಳ್ಯಾ ಉಮೇಶ ಒಮ್ಮೆ ಸಾಕು ಅಂದ. ನಾ ಅಂದ್ನಿ, ನಮ್ಮವ್ವ ಹೇಳ್ಯಾಳ, ಮೊದಲನೇ ಬ್ಯಾಡ ಮರ್ಯಾದಿದು, ಎರಡನೇದು ನಾಚಿಕಿದು. ಎಲ್ಲಾರೂ ಬಿದ್ದ ಬಿದ್ದ ನಕ್ರು. ಅಲ್ಲಿಂದ ಅದ ಕಾಯ್ದೆ ಆತು. ಹದಿನಾರು ವರ್ಷ ನನ್ನ ಗ್ಲಾಸಿಗೆ ಅವರು ಅದ ಮಾತ ಹೇಳಿ ಹಾಕಿದ್ರು. ನಾನ ಕಲಿಸಿದ್ದು."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅವ್ವನ ಆ ಮಾತು ಹುಕ್ಕೇರಿಯ ನಮ್ಮ ಪಡಸಾಲೆಯಲ್ಲಿ ದೀಪದ ಬೆಳಕಿನಲ್ಲಿ ಇನ್ನೂ ಹಾಗೆಯೇ ನಿಂತಿದೆ ಎಂದು ತಿಳಿದಿದ್ದೆ. ಅದು ಎಲ್ಲೆಲ್ಲಿ ಹೋಗಿ ಕೂತು ಬಂದಿತ್ತು! ಅವ್ವನ ತಪ್ಪೆನ್ನಲೇ? ಹಸಿದು ಬಂದವರಿಗೆ ಆ ಮಾತು ಹೇಳಿದವಳು ಅವಳು. ಹಸಿವು ಯಾವುದು, ಆಸೆ ಯಾವುದು ಎಂದು ನೋಡದೆ ಸೌಟು ಹಿಡಿದವಳು ನಾನು. ಇನ್ನೂ ಒಂದು ಖರೆ ಹೇಳಬೇಕು. ಈ ಐದು ತಿಂಗಳು ನಾನು ಅವನಿಗಾಗಿಯೇ ನೀಡುತ್ತಿರಲಿಲ್ಲ. ಅವನು ಉಣ್ಣಲು ಕೂತರೆ ನನಗೆ ನನ್ನ ತವರುಮನೆ ಮರಳಿ ಸಿಗುತ್ತಿತ್ತು.

"ಮೂರನೇ ಬ್ಯಾಡ ನನ್ನ ಬಾಯಾಗ ಹುಟ್ಟಂಗಿಲ್ಲಕ್ಕಾ," ಎಂದ ಶ್ರೀಶೈಲ, ಮೆಲ್ಲಗೆ. "ಮೊದಲನೇದು ಹೆಂಗೋ ಬರತೈತಿ. ಅಷ್ಟ ಐತಿ ನನ್ನ ಕೈಯಾಗ. ಅದನ್ನ ನೀ ಕೇಳಬೇಕು."

ಮರುದಿನ ಅವನು ಆರೂವರೆಗೆ ಸರಿಯಾಗಿ ಬಂದ. ನಾನು ಮೂರು ಜನಕ್ಕೆ ಜೋಳದ ರೊಟ್ಟಿ, ಮೆಂತ್ಯೆ ಪಲ್ಯ, ಬೇಳೆ, ಮಜ್ಜಿಗೆ ಮಾಡಿದ್ದೆ. ನಮ್ಮವರ ಸಲುವಾಗಿ ಎಂದು ಸುಳ್ಳು ಹೇಳಿಕೊಂಡು ಸ್ವಲ್ಪ ಮಾದಲಿಯನ್ನೂ ಇಟ್ಟಿದ್ದೆ. ಕೈಗೆ ಅಭ್ಯಾಸ. ಎರಡು ರೊಟ್ಟಿಯಾದ ಮೇಲೆ ಆ ಅಭ್ಯಾಸದ ಕೈ ತಾನಾಗಿ ಮಾದಲಿಯ ಸೌಟನ್ನು ಅವನ ತಾಟಿನ ಮೇಲೆ ತಂದಿತು.

"ಬ್ಯಾಡ."

ನನ್ನ ಬಾಯಿಗೆ "ಒಂದೀಟೋ" ಎಂಬ ಮಾತು ಬಂದು ನಿಂತಿತು. ಅದನ್ನು ನುಂಗಿದೆ. ಇಷ್ಟು ವಯಸ್ಸಿನಲ್ಲಿ ಒಂದು ಸೌಟನ್ನು ತುಂಬಿದ ಹಾಗೆಯೇ ಪಾತ್ರೆಗೆ ಮರಳಿಸಿದ್ದು ಅದೇ ಮೊದಲು. ಒಬ್ಬರಿಗೆ ಕೆಟ್ಟದ್ದು ಮಾಡಿದ ಹಾಗೆ ಮುಖ ಬಿಸಿಯಾಯಿತು.

"ನಿಂತ ಯಾಕ ನೋಡಾಕತ್ತಿ? ನೀನೂ ಕುಂಡ್ರು," ಎಂದ. "ನಿಂತಿ ಅಂದ್ರ ನೀ ಅವ್ವ ಆಗತೀ. ಕುಂತ್ರ ಅಕ್ಕ ಆಗಿ ಇರತೀ."

ಅವ್ವ ಎಂದಾದರೂ ನಮ್ಮ ಜೊತೆ ಕೂತು ಉಂಡಿದ್ದಳೇ? ನೆನಪಾಗಲಿಲ್ಲ. ತಾಟು ತಂದು ಕೂತೆ. ಊಟ ಮುಗಿದಾಗ ಏಳು ಗಂಟೆ ಐದು ನಿಮಿಷ. ಇನ್ನೂ ಒಂದೂವರೆ ತಾಸಿನ ಹತ್ತಿರ ಉಳಿದಿತ್ತು.

ಆ ಹೊತ್ತು ಎಷ್ಟು ಉದ್ದವೆಂದು ನನಗೆ ಅಂದೇ ಗೊತ್ತಾಗಿದ್ದು. ಇಷ್ಟು ದಿನ ನಾನು ಒಲೆಗೂ ತಾಟಿಗೂ ಓಡಾಡುತ್ತಿದ್ದೆ. ಅವನು ಕಾಲು ಅಲುಗಿಸಿದ. ನೀರು ಕುಡಿದ. ಅಂಗಳಕ್ಕೆ ಹೋಗಿ ನಾಲ್ಕು ಸುತ್ತು ನಡೆದು ಬಂದ. ಅಡುಗೆಮನೆಯ ಬಾಗಿಲ ಕಡೆ ನೋಡಿ ಕಣ್ಣು ತೆಗೆದ. ಮೀಸೆಯ ಮೇಲೆ ಬೆವರಿತ್ತು.

"ಅಕ್ಕಾ, ಏನರ ಮಾತಾಡು."

"ಹುಕ್ಕೇರಿ ಮನ್ಯಾಗ ಪಂಚಮಿ ಉಂಡಿ ಕಟ್ಟೂ ಮುಂದ..."

"ತಿನ್ನೂದು ಬ್ಯಾಡ!"

"ಅವ್ವ ದಸರೇಕ ಹೋಳಗಿ..."

"ಅಕ್ಕಾ!"

ನಮ್ಮವರು ಗೊಳ್ಳೆಂದು ನಕ್ಕರು. "ಸಾಲಿ ಅಕ್ಕೋರ ಗಾಡಿ ಅಡಗಿಮನಿ ದಾಟಂಗಿಲ್ಲಪಾ."

ನಿಜವಾಗಿಯೂ ದಾಟುತ್ತಿರಲಿಲ್ಲ. ಅವ್ವನ ಯಾವ ನೆನಪು ಎತ್ತಿದರೂ ಅದರ ಬುಡದಲ್ಲಿ ಒಂದು ಪಾತ್ರೆ ಇತ್ತು. ಸುಮ್ಮನೆ ಕೂತು ಹುಡುಕಿದೆ. ಬಹಳ ಹೊತ್ತು ಹುಡುಕಿದ ಮೇಲೆ ಹಳ್ಳದ ದಂಡೆ ಸಿಕ್ಕಿತು.

"ಕೌದಿ ಒಗ್ಯಾಕ ಹಳ್ಳಕ್ಕ ಹೋಗಿದ್ವಿ ನೋಡು, ನೀ ಸಾಲ್ಯಾಗ ಎರಡನೇತ್ತಾ ಇದ್ದಿ. ಅವ್ವ ದೊಡ್ಡ ಕೌದಿ ಬಿಚ್ಚಿ ಝಾಡಿಸಿದ್ಲು. ಒಳಗಿಂದ ಒಂದ ಕಪ್ಪಿ ಜಿಗದು ಆಕಿ ಎದಿ ಮ್ಯಾಲ ಕುಂತ್ತು. ಚೀರಿ ಹಿಂದಕ್ಕ ಬಿದ್ಲು, ನಡಮಟ ನೀರಾಗ. ಏಳಲಿಲ್ಲ ಆಕಿ. ಹಂಗ ನೀರಾಗ ಕುಂತು ನಕ್ಕಳು ನೋಡೋ, ಕಣ್ಣಾಗ ನೀರ ಬರೂಮಟ..."

ಶ್ರೀಶೈಲನ ಕಾಲು ಅಲುಗುವುದು ನಿಂತಿತ್ತು. "ಆ ಕಪ್ಪಿ ತಾನಾಗಿ ಬಂದಿತ್ತು ಅಂತ ತಿಳದೀಯೇನ?"

"ಮತ್ತ?"

"ಕೌದ್ಯಾಗ ಸುತ್ತಿ ಇಟ್ಟಾಂವ ನಾನ."

"ಭಾಡ್ಯಾ! ನಲವತ್ತ ವರ್ಷ ಮುಚ್ಚಿಟ್ಟೀಯಲ್ಲೋ!"

"ಇದೊಂದ ಉಳದಿತ್ತ ನೋಡು. ಇನ್ನ ಏನೂ ಮುಚ್ಚಿಟ್ಟಿಲ್ಲ," ಎಂದು ಅವನು ನಗತೊಡಗಿದ. ನಗು ಹತ್ತಿ, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ನಾನೂ ನಕ್ಕೆ. ನೀರಿನಲ್ಲಿ ಕೂತ ಅವ್ವ, ಒದ್ದೆ ಸೀರೆ, ಬಿಚ್ಚಿದ ತುರುಬು, ಕೈಯಲ್ಲಿ ಸೌಟಿಲ್ಲದ ಅವ್ವ ನಮ್ಮಿಬ್ಬರ ನಡುವೆ ಬಂದು ಕೂತಂತಾಯಿತು.

ದಾನೇಶ್ವರಿಯ ಫೋನು ಬಂದಾಗಲೇ ಎಂಟೂವರೆ ದಾಟಿ ಒಂಬತ್ತಕ್ಕೆ ಹತ್ತೇ ನಿಮಿಷ ಉಳಿದಿದೆ ಎಂದು ಗೊತ್ತಾದದ್ದು.