ಶೇವಂತಾಳ ಅಂಗೈ

ಏಕಸಂಬಿಯ ಮಹಾದೇವನ ಮಗಳು ದೀಪಾಲಿಯನ್ನು ತಮ್ಮ ಮಗನಿಗೆ ನೋಡಲು ಬಂದವರು ರಾಯಬಾಗ ಕಡೆಯ ಜ್ಞಾನದೇವ ಸಾಹುಕಾರರು. ಮೊದಲು ಸಾರಾಯಿ ಗುತ್ತಿಗೆ ಹಿಡಿದಿದ್ದವರು. ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಎರಡು ಬಾರು ತೆರೆದಿದ್ದರು. ಈಗ ಯಾವ ಸಮಾರಂಭವಾದರೂ ಮುಂದಿನ ಕುರ್ಚಿ ಅವರದೇ. ಜಾತಕ ಕೂಡದೆ ದೀಪಾಲಿಗೆ ಎರಡು ಸಂಬಂಧ ತಪ್ಪಿದ್ದವು. ಇದೊಂದು ಗಟ್ಟಿಯಾಗಲಿ ಎಂದು ಅಜ್ಜಿ ಶೇವಂತಾ ಬೆಳಗಿನಿಂದ ಉಪವಾಸವಿದ್ದಳು.

ಹುಡುಗ ಒಪ್ಪಿದ. ಸಕ್ಕರೆ ಹಂಚಿದ್ದೂ ಆಯಿತು. ಊಟಕ್ಕೆ ಮುಂಚೆ ಸಾಹುಕಾರರು ತಮ್ಮ ಅಂಗಡಿಯ ಬಾಟಲಿ ತೆಗೆಸಿದರು.

ಶೇಂಗಾ ತಂದಿಟ್ಟ ಶೇವಂತಾಳ ಮೂಗಿಗೆ ಏನೋ ಬಡಿಯಿತು. ಬೀಗರು ಮೋಸ ಹೋಗುತ್ತಿದ್ದಾರಲ್ಲ ಎಂದು ಜೀವ ತಡೆಯಲಿಲ್ಲ. ಎರಡು ಹನಿ ಅಂಗೈಗೆ ಹಾಕಿ ತಿಕ್ಕಿ ಮೂಸಿದಳು.

“ಬೀಗ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಆಳುಗೋಳು ಇದಕ್ಕ ನೀರ ಬೆರಸ್ಯಾರ.”

“ನಿಮಗ ಹ್ಯಾಂಗ ಗೊತ್ತಾತ್ರಿ, ಆಯಿ?”

ಮಹಾದೇವ ಕಣ್ಣಿನಲ್ಲೇ ಬೇಡವೆಂದ. ಅದನ್ನೇ ಮಾರುವವರ ಮುಂದೆ ತನಗೇನು ನಾಚಿಕೆ ಎನಿಸಿತು ಅವಳಿಗೆ. ಗಂಡ ಸತ್ತ ಮೇಲೆ ಈ ಮಗನನ್ನು ಸಾಕಿದ್ದು ಇದೇ ಕೈ.

“ಉಗಾರದ ಹೊಳಿ ದಂಡಿಗೆ ಹನ್ನೆರಡ ವರ್ಷ ಸಾರಾಯಿ ಭಟ್ಟಿ ಹಚ್ಚೀನ್ರಿ. ಬೆಲ್ಲ, ಜಾಲಿ ತೊಗಟಿ. ಒಂದ ಹನಿ ನೀರ ಬೆರಸಿದಾಕಿ ಅಲ್ಲ.”

ಸಾಹುಕಾರರು ಲೋಟ ಕೆಳಗಿಟ್ಟರು. “ಉಗಾರದಾಗ ಪೊಲೀಸ್ರು ಕೊರಳಾಗ ಭಟ್ಟಿ ಗಡಗಿ ಕಟ್ಟಿ ಮೆರವಣಿಗಿ ಮಾಡಿದ್ರಲ್ಲ, ಆ ಶೇವಂತಾ ನೀನ ಏನು? ಮಾಡಿಸಿದಾವ ನಾನ ಬೇ. ನನ್ನ ಗಿರಾಕಿ ಎಲ್ಲಾ ನಿನ್ನ ಕಡೆ ಬರ್ತಿದ್ರು.”

“ನೀವೂ ಅದನ್ನ ಮಾರತಿದ್ರಲ್ರಿ?”

“ನಂದು ಲೈಸನ್ಸಿಂದು.”

ಅವರು ಎದ್ದರು. ಮಹಾದೇವ ಕಾಲು ಹಿಡಿದ. ಒಂದು ಗಳಿಗೆ ಹಿಡಿಸಿಕೊಂಡೇ ನಿಂತು, ಆಮೇಲೆ ಕುಳಿತರು.

“ಹುಡುಗಿ ಚಲೋ ಅದಾಳ, ಬಿಡಂಗಿಲ್ಲ. ಆದ್ರ ಈ ಮುದುಕಿ ಮುಖ ಮದಿವ್ಯಾಗ ಕಾಣಬಾರದು. ಮುಂದನೂ ನಮ್ಮ ಹೊಸ್ತಿಲ ತುಳಿಬಾರದು. ಇದಕ್ಕ ಒಪ್ಪಿಗಿ ಐತೇನ ಹುಡುಗಿನ್ನ ಕೇಳ್ರಿ.”

ದೀಪಾಲಿ ಬಾಗಿಲಿಗೆ ಬಂದಳು. ಶೇವಂತಾ ಮೊಮ್ಮಗಳತ್ತ ಕೈ ಚಾಚಿದಳು.

“ಆಯಿ, ಮದಿವಿ ಮುಗಿಯೂತನಕ ದಿಗ್ಗೇವಾಡಿ ಅತ್ತಿ ಮನ್ಯಾಗ ಇದ್ದಬಿಡು,” ಎಂದಳು ದೀಪಾಲಿ, ಮೆಲ್ಲಗೆ. “ಈಗ ಒಳಗ ನಡಿ. ಕೈ ತೊಳ್ಕೊ, ನಾರಾಕತ್ತೈತಿ.”

ಶೇವಂತಾ ಬಚ್ಚಲಿಗೆ ಹೋಗಿ ಎರಡು ಸಲ ಸಾಬೂನು ಹಚ್ಚಿದಳು. ಪಡಸಾಲೆಯಲ್ಲಿ ಮಗ ಮತ್ತೆ ಲೋಟ ತುಂಬಿಸುತ್ತಿದ್ದ.

“ನೀರ ಹಾಕ್ಲೇನ್ರಿ, ಸಾಹುಕಾರ್ರ?”

“ಬ್ಯಾಡೋ, ನಾ ಮದಲ ಹಾಕಿಸೀನಿ!”

ಎಲ್ಲರೂ ನಕ್ಕರು. ಅದರಲ್ಲಿ ದೀಪಾಲಿಯ ನಗು ಶೇವಂತಾಳಿಗೆ ಬೇರೆಯಾಗಿಯೇ ಕೇಳಿಸಿತು.