ಹನ್ನೊಂದು ಲೋಟ

ಕಾಲಿನ ಬೂಟು ಬಿಚ್ಚಿಸಿ ಕುಣಿಸಿದರೆ ಮನಸ್ಸಿಗೆ ಕ್ಷೇಮವಾಗುತ್ತದೆಂದು ಎಡಿನ್‌ಬರೋದಲ್ಲಿ ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದರು. ಆ ಕ್ಷೇಮವನ್ನು ಮೀನುಗಾರರ ಊರಾದ ಕಿಲ್‌ರನ್ನಿಯ ಮಕ್ಕಳಿಗೂ ಒಂದಿಷ್ಟು ಹಂಚೋಣವೆಂದು ಕ್ಲೆಮೆನ್ಸಿ ಎಂಬ ಮಹಾತಾಯಿ ಶನಿವಾರ ಬೆಳಗ್ಗೆ ಹತ್ತಕ್ಕೆ ಚರ್ಚಿನ ಹಾಲಿಗೆ ಬಂದಿಳಿದಳು. ಕೈಯಲ್ಲಿ ಒಂದು ಚೀಲದ ತುಂಬ ಬಣ್ಣದ ವಸ್ತ್ರಗಳು, ಅಂಗೈಯಗಲದ ಸ್ಪೀಕರು, ಒಂದು ಕಟ್ಟು ಚೀಟಿ. ಚೀಟಿಗಳ ಮೇಲೆ ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಮಕ್ಕಳು ಬಂದಾಗೊಂದು, ಹೋಗುವಾಗೊಂದು ಆರಿಸಿ ಡಬ್ಬಿಗೆ ಹಾಕಬೇಕಂತೆ.

ಹಾಲಿನ ಬೀಗದ ಕೈ ಇರುವುದು ನೆಟ್ಟಾ ರಾಂಕಿನ್ ಹತ್ತಿರ. ವಯಸ್ಸು ಎಪ್ಪತ್ತಮೂರು, ನಾಲಗೆಗೆ ಇನ್ನೂ ಹದಿನೆಂಟು. ಗಂಡ ಡೂಗಿ ಬದುಕಿದ್ದಾಗ ಕುಣಿತಗಳಲ್ಲಿ ಅವನು ಹೆಜ್ಜೆ ಕೂಗಿ ಹೇಳುತ್ತಿದ್ದ, ಇವಳು ಅಕಾರ್ಡಿಯನ್ ನುಡಿಸುತ್ತಿದ್ದಳು. ಅವನು ಹೋದ ಮೇಲೆ ಕೂಗುವುದೂ ಇವಳದೇ. ಆ ಕರಾವಳಿಯಲ್ಲಿ ಇವರಿಲ್ಲದೆ ಒಂದು ಮದುವೆಯೂ ಕುಣಿದದ್ದಿಲ್ಲ.

"ಸಾಕ್ಸೂ ಬಿಚ್ಚಿಸ್ತೀಯಾ? ಇದು ಫೆಬ್ರವರಿ ಕಣಮ್ಮ," ಎಂದಳು ನೆಟ್ಟಾ.

"ಅವರಿಗೆ ನೆಲದ ಜೊತೆ ಒಂದು ಸಂಬಂಧ ಬೆಳೀಬೇಕು, ನೆಟ್ಟಾ."

"ಈ ನೆಲಾನ ನಲವತ್ತು ವರ್ಷದಿಂದ ಒರೆಸ್ತಿದೀನಿ. ಅದಕ್ಕೆ ಯಾರ ಸಂಬಂಧಾನೂ ಬೇಕಾಗಿಲ್ಲ."

ಕ್ಲೆಮೆನ್ಸಿ ನಕ್ಕಳು. ಬೈದರೂ ನಗುವ ಜಾತಿ ಅದು. ನೆಟ್ಟಾಗೆ ಮೈಯೆಲ್ಲ ಉರಿಯಿತು. ಬೇರೆ ದಿನವಾಗಿದ್ದರೆ ಚೀಲ ಸಮೇತ ಬಸ್ ಹತ್ತಿಸಿ ಬರುತ್ತಿದ್ದಳು. ಇವತ್ತು ಹಲ್ಲು ಕಚ್ಚಿಕೊಂಡಿದ್ದು ಮೊಮ್ಮಗಳು ರೋನಾಳಿಗೋಸ್ಕರ.

ರೋನಾಳಿಗೆ ಹದಿನಾಲ್ಕು. ತಾಯಿ ಸಮುದ್ರದ ನಡುವೆ ತೈಲ ತೆಗೆಯುವ ಅಟ್ಟಣೆಯಲ್ಲಿ ಅಡುಗೆ ಕೆಲಸಕ್ಕಿದ್ದಳು, ಹುಡುಗಿ ಅಜ್ಜಿಯ ಮನೆಯಲ್ಲಿ. ನವೆಂಬರ್ ಬಂತೆಂದರೆ ಆ ಊರಿನ ಶಾಲೆಯಲ್ಲಿ ಆಟದ ಪೀರಿಯಡ್ಡಿಗೆಲ್ಲ ಹಬ್ಬದ ಕುಣಿತದ ಅಭ್ಯಾಸ. ಹುಡುಗರು ಒಂದು ಗೋಡೆಗೆ, ಹುಡುಗಿಯರು ಎದುರು ಗೋಡೆಗೆ. ಮೇಷ್ಟ್ರು ಪರ್ವಿಸ್ "ಜೋಡಿ ಹಿಡೀರಿ!" ಎಂದು ಕೂಗಿದರೆ ಎಲ್ಲರೂ ಓಡಿ ಯಾರದೋ ಕೈ ಹಿಡಿಯಬೇಕು. ಉಳಿದವರಿಗೆ ಪರ್ವಿಸ್ಸೇ ಜೋಡಿ. ನಾಲ್ಕು ವಾರ, ವಾರಕ್ಕೆರಡು ಸಲ, ರೋನಾ ಪರ್ವಿಸ್ಸಿನ ಬೆವರು ಕೈ ಹಿಡಿದು ಕುಣಿದಳು. ಆ ಕತ್ತೆಗೆ ಒಂದು ದಿನವಾದರೂ ಬೇರೆ ಥರ ಕೂಗಬೇಕೆಂದು ತೋಚಲಿಲ್ಲ. ಐದನೆಯ ವಾರ ಹುಡುಗಿ ಹಾಸಿಗೆ ಬಿಟ್ಟೇಳಲಿಲ್ಲ. ಆಮೇಲೆ ಶಾಲೆಯೂ ಇಲ್ಲ, ಬೀದಿಯೂ ಇಲ್ಲ.

"ಒಂದೇ ಒಂದ್ ಸಲ ಬರ್ತೀನಿ," ಎಂದಿದ್ದಳು ರೋನಾ. "ಅಲ್ಲೂ ಹಂಗೇ ಆದ್ರೆ ಇನ್ ಯಾವತ್ತೂ ಎಲ್ಲಿಗೂ ಬಾ ಅನ್ಬಾರ್ದು. ಆಣೆ ಮಾಡು."

ನೆಟ್ಟಾ ಆಣೆ ಮಾಡಿದ್ದಳು.

ಬಂದ ಮಕ್ಕಳು ರೋನಾಳೂ ಸೇರಿ ಹನ್ನೊಂದು. ಕಿತ್ತಳೆ ಪಾನಕಕ್ಕೆ ಲೋಟ ಜೋಡಿಸಿದವಳು ನೆಟ್ಟಾಳೇ. ಹನ್ನೊಂದೆಂದು ಎರಡು ಸಲ ಎಣಿಸಿಯೇ ಜೋಡಿಸಿದ್ದಳು.

"ಈಗ ನೀವೆಲ್ಲ ಸಮುದ್ರದ ಪಾಚಿ," ಎಂದಳು ಕ್ಲೆಮೆನ್ಸಿ, ಬರಿಗಾಲಲ್ಲಿ ತೂಗಾಡುತ್ತ. "ಅಲೆ ಬರ್ತಿದೆ... ನಿಮ್ಮೊಳಗಿನ ಭಾರಾನ ಅದಕ್ಕೆ ಬಿಟ್ಕೊಡಿ."

ಅಯ್ಯೋ ರಾಮ! ಬಲೆಗೆ ಸಿಕ್ಕ ಪಾಚಿ ಬಿಡಿಸಿ ಬಿಡಿಸಿ ಬೆರಳು ಸವೆಸಿಕೊಂಡ ಅಪ್ಪಂದಿರ ಮಕ್ಕಳಿಗೆ ಪಾಚಿಯಾಗಲು ಹೇಳುತ್ತಿದ್ದಳು. ಒಬ್ಬ ತನ್ನ ವಸ್ತ್ರವನ್ನು ಪಕ್ಕದವನ ಕುತ್ತಿಗೆಗೆ ಸುತ್ತಿದ. ಕೆಲ್ಸಿ ಎಂಬ ಹುಡುಗಿ, ಶಾಲೆಯಲ್ಲಿ ಮೊದಲ ಕೂಗಿಗೇ ಜೋಡಿ ಸಿಗುವವಳು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ರೋನಾ ಮೂಲೆಯಲ್ಲಿ ಹಸಿರು ವಸ್ತ್ರ ಹಿಡಿದು ಕಂಬದ ಹಾಗೆ ನಿಂತಿದ್ದಳು, ಕಣ್ಣು ಬಾಗಿಲ ಕಡೆ. ಇನ್ನು ಐದು ನಿಮಿಷ ಬಿಟ್ಟರೆ ಹುಡುಗಿ ಕೈತಪ್ಪಿದಳೆಂದೇ ಅರ್ಥ.

ನೆಟ್ಟಾ ವೇದಿಕೆಯ ಅಡಿಯಿಂದ ಅಕಾರ್ಡಿಯನ್ ಎಳೆದಳು.

"ನೀನು ಸ್ವಲ್ಪ ಕೂತ್ಕೋ ತಾಯಿ. ಪಾಚಿಗೂ ಸುಸ್ತಾಗುತ್ತೆ," ಎಂದು ಕ್ಲೆಮೆನ್ಸಿಯನ್ನು ಕುರ್ಚಿಗೆ ಅಟ್ಟಿದಳು. "ಬೂಟು ಹಾಕ್ಕೊಳ್ರೋ ಮಕ್ಕಳಾ! ಮನುಷ್ಯರ ಥರ ಕುಣಿಯೋಣ."

ಮಕ್ಕಳು ಹೋ ಎಂದು ಬೂಟಿಗೆ ಓಡಿದರು. ನೆಟ್ಟಾಳ ಎದೆ ಉಬ್ಬಿತು. ನೋಡು, ಎರಡು ನಿಮಿಷ ಸಾಕು. ಚೀಟಿ ಬೇಡ, ಡಬ್ಬಿ ಬೇಡ. ಅವಳು ಮೊದಲ ಸ್ವರವನ್ನು ಉದ್ದಕ್ಕೆ ಎಳೆದಳು. ಐವತ್ತು ವರ್ಷ ಆ ಸ್ವರದ ಬೆನ್ನಿಗೇ ಬಂದ ಮಾತು ಈಗಲೂ ಬಾಯಿಂದ ಬಂದೇಬಿಟ್ಟಿತು.

"ಜೋಡಿ ಹಿಡೀರಿ!"

ಸ್ವರ ಮುಗಿಯುವ ಮೊದಲೇ ಹತ್ತು ಮಕ್ಕಳು ಐದು ಜೋಡಿಯಾಗಿ ನಿಂತಿದ್ದರು.

ರೋನಾ ಗೋಡೆಯ ಪಕ್ಕ ಉಳಿದಳು.

ನೆಟ್ಟಾ ಅಕಾರ್ಡಿಯನ್ ನಿಲ್ಲಿಸಿದಳು. ಪರ್ವಿಸ್ಸನ್ನು ಎರಡು ತಿಂಗಳು ಕತ್ತೆ ಎಂದು ಬೈದಿದ್ದಳು. ಅವನ ಮಾತನ್ನೇ, ಅವನ ರಾಗದಲ್ಲೇ ಈಗ ತಾನೂ ಕೂಗಿದ್ದಳು.

"ಬಾ ಪುಟ್ಟೀ, ನನ್ ಜೊತೆ ಬಾ..." ಎನ್ನುತ್ತ ವಾದ್ಯ ಇಳಿಸಲು ಹೋದಳು.

"ಪರ್ವಿಸ್ ಬದ್ಲು ಈಗ ನೀನಾ?" ಎಂದಳು ರೋನಾ. ಕೂಗಲಿಲ್ಲ. ಗೂಟದಿಂದ ಕೋಟು ತೆಗೆದು ಒಂದು ತೋಳು ಹಾಕಿಕೊಂಡಳು.

ಆಗ ಕುರ್ಚಿಯಿಂದ ಎದ್ದವಳು ಕ್ಲೆಮೆನ್ಸಿ. ಬರಿಗಾಲಲ್ಲೇ ಹೋಗಿ ರೋನಾಳ ಪಕ್ಕ ಗೋಡೆಗೆ ಒರಗಿ ನಿಂತಳು. ಅಲೆ ಎನ್ನಲಿಲ್ಲ, ಭಾರ ಎನ್ನಲಿಲ್ಲ. ರೋನಾ ಇನ್ನೊಂದು ತೋಳು ಹಾಕಿಕೊಳ್ಳದೆ ನಿಂತಳು.

ನೆಟ್ಟಾ ಮೇಜಿನ ಮೇಲಿನ ಲೋಟಗಳನ್ನು ನೋಡಿದಳು. ಹನ್ನೊಂದು. ಕ್ಲೆಮೆನ್ಸಿಗೆ ಲೋಟವನ್ನೇ ಇಟ್ಟಿರಲಿಲ್ಲ. ಅವಳನ್ನು ಸೇರಿಸಿಕೊಂಡರೆ ಹನ್ನೆರಡು. ಮೂವರು ಮೂವರಾಗಿ ಕುಣಿಯುವ ಕುಣಿತ ಎಳೆಗೂಸಿಗೂ ಗೊತ್ತಿರುವ ಊರು ಅದು. ಡೂಗಿ ಯಾವಾಗಲೂ ಮೊದಲು ತಲೆ ಎಣಿಸುತ್ತಿದ್ದ, ಆಮೇಲೆ ಯಾವ ಕುಣಿತವೆಂದು ಕೂಗುತ್ತಿದ್ದ. ಇವಳು ಎಣಿಸಿದ್ದು ಬರೀ ಪಾನಕಕ್ಕೆ. ಥೂ ಎನಿಸಿತು.

"ನಿಲ್ಲಿ ನಿಲ್ಲಿ! ತಪ್ಪು ನಂದು, ನನ್ ಬಾಯಿಗಿಷ್ಟು ಬೆಂಕಿ ಹಾಕ," ಎಂದಳು ಗಟ್ಟಿಯಾಗಿ. "ಜೋಡಿ ಬೇಡ. ಮೂರ್ ಮೂರ್ ಜನ ಆಗಿ." ಆಮೇಲೆ, "ಕ್ಲೆಮೆನ್ಸಿ, ನೀನಿಲ್ದೆ ಸರಿಹೋಗಲ್ಲಮ್ಮ. ಬಾ," ಎಂದಳು.

"ನಂಗೆ ಹೆಜ್ಜೆ ಬರಲ್ಲ," ಎಂದಳು ಕ್ಲೆಮೆನ್ಸಿ, ಮುಖ ಕೆಂಪಗೆ ಮಾಡಿಕೊಂಡು.

"ಬರಲ್ವಾ!" ರೋನಾಳ ಹುಬ್ಬು ಮೇಲೇರಿತು. "ನೀವು ಡ್ಯಾನ್ಸ್ ಟೀಚರ್ ಅಲ್ವಾ?"

"ಪಾಚಿ ಅಷ್ಟೇ ಬರೋದು."

ರೋನಾ ಫಕ್ಕನೆ ನಕ್ಕಳು. ಹತ್ತು ವಾರದಿಂದ ನೆಟ್ಟಾಳ ಕಿವಿಗೆ ಬೀಳದಿದ್ದ ಸದ್ದು ಅದು.

ಅಷ್ಟರಲ್ಲಿ ಹತ್ತು ಮಕ್ಕಳು ಮೂರು ಗುಂಪಾಗಿ, ಒಬ್ಬಳು ಮಿಕ್ಕಿದ್ದಳು. ಕೆಲ್ಸಿ! ಜಡೆ ಕುಣಿಸುತ್ತ ಆಚೀಚೆ ನೋಡಿದಳು, ಎಲ್ಲಿಯೂ ಜಾಗವಿಲ್ಲ. ಹಾಲಿನ ನಡುವೆ ಒಂಟಿಯಾಗಿ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ದಡಬಡ ಓಡಿ ಬಂದಳು.

"ಏ ರೋನಾ, ಬೇಗ ಕೈ ಕೊಡೇ! ನಂದು ಇಲ್ಲೇ!"

ಪ್ರೀತಿಯಿಂದ ಓಡಿ ಬಂದಳೆಂದು ನಂಬುವಷ್ಟು ನೆಟ್ಟಾ ದಡ್ಡಿಯಲ್ಲ. ಹೆದರಿ ಬಂದಿದ್ದಳು. ಆದರೂ ಕೈ ಚಾಚಿದ್ದು ಅವಳೇ.

ರೋನಾ ಆ ಕೈಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಂದು ಕಡೆ ಕೆಲ್ಸಿ, ಇನ್ನೊಂದು ಕಡೆ ಕ್ಲೆಮೆನ್ಸಿ, ನಡುವೆ ತಾನು ನಿಂತು, "ಎಡಗಾಲು ಮೊದ್ಲು, ಮೇಡಂ," ಎಂದು ಟೀಚರಿಗೇ ಪಾಠ ಶುರುಮಾಡಿದಳು. ಅರ್ಧ ಹಾಕಿದ ಕೋಟು ಬೆನ್ನ ಮೇಲೆ ಪಟಪಟ ಬಡಿಯುತ್ತಿತ್ತು. ಒಂದು ಸುತ್ತು ಮುಗಿದರೆ ಮೂವರೂ ಮುಂದೆ ನಡೆದು ಹೊಸ ಮೂವರ ಎದುರು ನಿಲ್ಲಬೇಕು. ಹಾಗೆ ಹಾಲಿನಲ್ಲಿದ್ದ ಎಲ್ಲರ ಎದುರೂ ಅವಳು ನಿಂತಳು. ಕ್ಲೆಮೆನ್ಸಿ ಪ್ರತಿ ಸಲವೂ ತಪ್ಪು ಕಡೆಗೆ ತಿರುಗಿದಳು. ನೆಟ್ಟಾ ಬೆರಳು ನೋಯುವವರೆಗೂ ನುಡಿಸಿದಳು.

ಹೋಗುವಾಗ ಡಬ್ಬಿಗೆ ಚೀಟಿ ಹಾಕುವುದು ಯಾರಿಗೂ ನೆನಪಾಗಲಿಲ್ಲ, ಕ್ಲೆಮೆನ್ಸಿಗೂ ಇಲ್ಲ. ನೆಟ್ಟಾ ಲೋಟ ತೊಳೆದಳು, ರೋನಾ ಒರೆಸಿದಳು. ಈ ಸಲ ಹನ್ನೆರಡು ಲೋಟ. ಆಣೆ ಮಾಡಿದ್ದು ನೆನಪಿತ್ತು. ಬಾ ಎಂದು ಹೇಳುವ ಹಕ್ಕು ನೆಟ್ಟಾಗೆ ಉಳಿದಿರಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಅಜ್ಜಿ."

"ಹೂಂ."

"ಮುಂದಿನ್ ಶನಿವಾರ ಅಜ್ಜನ್ ಥರ ಮೊದ್ಲು ತಲೆ ಎಣ್ಸು. ಆಮೇಲೆ ಕೂಗು."

"ಎಣಿಸ್ತೀನಿ ಕಂದಾ," ಎಂದಳು ನೆಟ್ಟಾ.